ಕೊನೆಯ ಖಾನೆಗೆ ಏನು ಬರೆಯುತ್ತೀರಿ?

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹೊಸ ಅಪ್ಪ-ಅಮ್ಮಂದಿರಿಗೆ,

ಊರಿಗೇ ಇನಿಷಿಯಲ್ ಇರುವ ಜನ ನಾವು. ತಿರುಮಕೂಡಲು ನರಸೀಪುರ ಎಂದು ಪೂರ್ತಿ ಬರೆಯುವವರು ಈಗ ಅಪರೂಪ. ಬಸ್ಸಿನ ಬೋರ್ಡಿನಲ್ಲಿ ಅದು ‘ಟಿ. ನರಸೀಪುರ’, ಬಾಯಲ್ಲಿ ಇನ್ನಷ್ಟು ಸವೆದು ‘ಟೀನರ್ಸೀಪುರ’. ಕಾವೇರಿ ಕಪಿಲೆಯರು ಕೂಡುವ ಜಾಗದ ಹೆಸರೇ ಒಂದು ಅಕ್ಷರ, ಒಂದು ಚುಕ್ಕಿಯೊಳಗೆ ಮುದುರಿಕೊಂಡಿದೆ. ಅಂಥ ಊರಿನ ಮಕ್ಕಳು ತಮ್ಮ ಊರನ್ನೂ ಅಪ್ಪನನ್ನೂ ಎರಡು ಇಂಗ್ಲಿಷ್ ಅಕ್ಷರದೊಳಗೆ ಮಡಚಿಟ್ಟುಕೊಂಡು ಬದುಕಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಎರಡೂ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನು ನಾನು. ನಿಮ್ಮಲ್ಲಿ ಕೆಲವರಿಗೆ, ಇನ್ನು ಕೆಲವರ ಅಪ್ಪ ಅಮ್ಮನಿಗೆ ಹಾಜರಿ ಕೂಗಿದ್ದೇನೆ. ಆ ಸಲುಗೆಯ ಮೇಲೆ ನೀವು ಈಗಲೂ ಫೋನು ಮಾಡುತ್ತೀರಿ, ನಂಜನಗೂಡಿನ ಜಾತ್ರೆಯಲ್ಲಿ ಸಿಕ್ಕರೆ ತೇರು ಎಳೆಯುವುದನ್ನೂ ಬಿಟ್ಟು ಕೇಳುತ್ತೀರಿ. ಈಚೆಗೆ ಕೇಳುವುದೆಲ್ಲ ಒಂದೇ.

“ಮೇಷ್ಟ್ರೇ, ನಮ್ಮ ಸರ್‌ನೇಮ್‌ಗೆ ಹೊಂದೋ ಥರ ಮಗೀಗೆ ಒಂದೆಸ್ರು ಹೇಳಿ.”

“ನಿಮ್ಮ ಸರ್‌ನೇಮ್ ಯಾವ್ದಪ್ಪ?”

“ಅದ್ನ ಇನ್ನೂ ಡಿಸೈಡ್ ಮಾಡಿಲ್ಲ ಸಾ.”

ನಗುವ ಮಾತಲ್ಲ ಇದು. ಧಾರವಾಡದ ಕಡೆ ಹುಟ್ಟಿದ ಮಗುವಿಗೆ ಪಾಟೀಲ, ದೇಸಾಯಿ, ಉಳ್ಳಾಗಡ್ಡಿ ಎಂಬುದೇನಾದರೂ ತೊಟ್ಟಿಲಿಗೆ ಬರುವ ಮೊದಲೇ ಕಾದಿರುತ್ತದೆ. ಕೊಡಗಿನವರಿಗೆ ಮನೆತನದ ಹೆಸರಿದೆ. ಜನರಲ್ ಕಾರ್ಯಪ್ಪನವರ ಹೆಸರಿನ ಮುಂದಿನ ‘ಕೆ’ ಎಂದರೆ ಕೋದಂಡೇರ. ನಮ್ಮ ಕಡೆ ಅಂಥದ್ದು ಇರಲಿಲ್ಲ, ಬೇಕೂ ಇರಲಿಲ್ಲ. ಈಗ ಫಾರಮ್ಮು ತನ್ನ ಕೊನೆಯ ಖಾನೆಗೆ ಅದನ್ನು ಕೇಳುತ್ತಿದೆ. ಹಾಗಾಗಿ ನಿಮ್ಮ ತಲೆಗೆ ಬಿದ್ದಿರುವುದು ಒಂದಲ್ಲ, ಎರಡು ಹೆಸರಿಡುವ ಕೆಲಸ: ಒಂದು ಮಗುವಿಗೆ, ಇನ್ನೊಂದು ಮುಂದೆ ನಿಮ್ಮ ಮನೆಯಲ್ಲಿ ಹುಟ್ಟುವವರಿಗೆಲ್ಲ. ಮೊದಲನೆಯದಕ್ಕೆ ಗರ್ಭಿಣಿ ಇರುವಾಗಲೇ ಪಟ್ಟಿ ಮಾಡುತ್ತೀರಿ, ಜೋಯಿಸರನ್ನು ಕೇಳುತ್ತೀರಿ, ನಾದಿನಿಯ ಜೊತೆ ಮುನಿಸಿಕೊಳ್ಳುತ್ತೀರಿ. ಎರಡನೆಯದನ್ನು ಬಸ್ ಸ್ಟ್ಯಾಂಡ್ ಪಕ್ಕದ ಸೈಬರ್ ಅಂಗಡಿಯ ಹುಡುಗ ಟೈಪ್ ಮಾಡಿಬಿಡುತ್ತಾನೆ. ನಾನು ಬರೆಯುತ್ತಿರುವುದು ಈ ಎರಡನೆಯದರ ವಿಚಾರ.

ಮೊದಲು, ನಮ್ಮಲ್ಲಿ ಏನಿತ್ತು ನೋಡಿ. ಮನೆಯ ಹಳೇ ಪಹಣಿಯನ್ನೋ ಕ್ರಯಪತ್ರವನ್ನೋ ಟ್ರಂಕಿನಿಂದ ತೆಗೆದರೆ ನಿಮ್ಮ ಮುತ್ತಾತನ ಹೆಸರು ಸಿಗುತ್ತದೆ: ‘ನಂಜೇಗೌಡ ಬಿನ್ ಮಾದೇಗೌಡ’. ಹೆಂಗಸಾದರೆ ‘ನಂಜಮ್ಮ ಕೋಂ ಸಿದ್ದೇಗೌಡ’. ಬಿನ್ ಅಂದರೆ ಇಂಥವನ ಮಗ, ಕೋಂ ಅಂದರೆ ಇಂಥವನ ಹೆಂಡತಿ. ಅರಬರ ಬಿನ್ ನಮ್ಮ ಗದ್ದೆ ಬಯಲಿಗೆ ಇಳಿದು ಶ್ಯಾನುಭೋಗರ ಕೈಯಲ್ಲಿ ಎಷ್ಟು ಪಳಗಿತೆಂದರೆ, ಇವತ್ತಿಗೂ ಅದಿಲ್ಲದೆ ಒಂದು ಖಾತೆ ಬದಲಾಗುವುದಿಲ್ಲ. ಊರೊಳಗೆ ಇಷ್ಟು ಸಾಕಿತ್ತು. ಒಂದೇ ಬೀದಿಯಲ್ಲಿ ನಾಲ್ಕು ಜನ ನಂಜುಂಡರಿದ್ದರೆ ಒಬ್ಬ ಗಿರಣಿ ನಂಜುಂಡ, ಒಬ್ಬ ಮೂಲೆಮನೆ ನಂಜುಂಡ, ಒಬ್ಬ ಮಿಲ್ಟ್ರಿ ನಂಜುಂಡ. ನಾಲ್ಕನೆಯವನ ಹೆಸರನ್ನು ಅವನ ಎದುರಿಗೆ ಹೇಳುವ ಹಾಗಿರಲಿಲ್ಲ.

ನಂಜುಂಡರು ಅಷ್ಟು ಜನ ಇದ್ದದ್ದಕ್ಕೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಕಪಿಲೆಯ ದಡದಲ್ಲಿ ಶ್ರೀಕಂಠೇಶ್ವರ ಕೂತಿದ್ದಾನೆ. ಆತನಿಂದ ನಂಜಪ್ಪ, ನಂಜಯ್ಯ, ನಂಜಮ್ಮಣ್ಣಿ, ನಂಜುಂಡಸ್ವಾಮಿ, ಶ್ರೀಕಂಠ. ಕೂಡಲಿನ ಗುಂಜಾ ನರಸಿಂಹನಿಂದ ನರಸಿಂಹಯ್ಯ, ನರಸಮ್ಮ. ಬೆಟ್ಟದ ಮಾದಪ್ಪನಿಂದ ಮಾದ, ಮಾದಯ್ಯ, ಮಹದೇವ, ಮಹದೇವಸ್ವಾಮಿ. ಮಂಟೇಸ್ವಾಮಿ ಒಕ್ಕಲಿನವರಲ್ಲಿ ಸಿದ್ದ, ರಾಚ. ದೇವನೂರು ಮಠಕ್ಕೆ ನಡೆದುಕೊಳ್ಳುವವರಲ್ಲಿ ಗುರುಮಲ್ಲಪ್ಪ, ಗುರುಮಲ್ಲಮ್ಮ. ಹೆಸರು ಕೇಳಿದರೆ ಯಾವ ಹೊಳೆಯ ಕಡೆ, ಯಾವ ದೇವರ ಒಕ್ಕಲು ಎಂದು ಹೇಳಿಬಿಡಬಹುದಿತ್ತು. ಅರಮನೆಯೂ ಇದರಿಂದ ಹೊರಗಿರಲಿಲ್ಲ. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಎಂಬ ಒಂದೇ ಹೆಸರಿನಲ್ಲಿ ನಮ್ಮ ಎರಡೂ ತಾಲ್ಲೂಕಿನ ದೇವರ ಹೆಸರು ಬಂದಿದೆ. ಇನ್ನೂ ಹಿಂದಕ್ಕೆ ಹೋದರೆ, 18ನೇ ಶತಮಾನದ ಕಳಲೆ ನಂಜರಾಜಯ್ಯನ ಮೇಲೆ ‘ನಂಜರಾಜಯಶೋಭೂಷಣ’ ಬರೆದ ಕವಿಯ ಹೆಸರು ನರಸಿಂಹ. ಬರೆಸಿಕೊಂಡವನು ನಂಜ, ಬರೆದವನು ನರಸಿಂಹ!

ಇಷ್ಟು ಹೇಳಿದ್ದಕ್ಕೆ, ಹಳೇ ಹೆಸರುಗಳೇ ಚೆಂದ, ಈಗಿನವರು ಕೆಟ್ಟರು ಎಂದು ಹಾಡುವ ಮುದುಕ ಇವನು ಎಂದುಕೊಳ್ಳಬೇಡಿ. ಶಾಲೆಯ ಅಡ್ಮಿಷನ್ ರಿಜಿಸ್ಟರ್ ತಿರುವಿದವನಿಗೆ ಹಾಗೆ ಹಾಡಲು ಬಾಯಿ ಬರುವುದಿಲ್ಲ. ಉದ್ದನೆಯ ದಪ್ಪ ವಹಿ, ಬಟ್ಟೆಯ ಬೈಂಡು, ಅಂಚಿನಲ್ಲಿ ಗೆದ್ದಲು ಕಚ್ಚಿದ ಹಾಳೆ. ಎಡದಿಂದ ಕ್ರಮಸಂಖ್ಯೆ, ಮಗುವಿನ ಹೆಸರು, ತಂದೆ ಅಥವಾ ಪೋಷಕರ ಹೆಸರು, ಜಾತಿ, ಹುಟ್ಟಿದ ತಾರೀಖು. ಹಳೆಯ ಪುಟಗಳಲ್ಲಿ ಜಾತಿಯ ಕಾಲಂ ಮುಚ್ಚಿಕೊಂಡರೂ ಹೆಸರು ನೋಡಿಯೇ ಯಾವ ಕೇರಿಯ ಮಗು ಎಂದು ಹೇಳಬಹುದಿತ್ತು. ಮೇಲಿನ ಬೀದಿಯ ಹುಡುಗನಿಗೆ ಅಪ್ಪ, ಅಯ್ಯ, ಗೌಡ, ಶೆಟ್ಟಿ ಎಂಬ ಬಾಲ. ಕೆಳಗಿನ ಕೇರಿಯ ಹುಡುಗ ಬರೀ ಕರಿಯ, ಬರೀ ಮಾದ, ಬರೀ ಕೆಂಚ. ಅಪ್ಪನೂ ಹಾಗೆಯೇ: ‘ಕರಿಯ ಬಿನ್ ಚಿಕ್ಕಮಾದ’. ಅವರ ಮನೆಯಲ್ಲಿ ಹಾಗೆ ಇಟ್ಟಿದ್ದರೋ, ಬರೆದ ಮೇಷ್ಟ್ರ ಕೈಯಲ್ಲಿ ‘ಅಯ್ಯ’ ಉದುರಿತೋ, ವಹಿ ಹೇಳುವುದಿಲ್ಲ. ಪುಟ ತಿರುವುತ್ತಾ ಬಂದರೆ ಕರಿಯನ ಮಗ ಮಹದೇವಸ್ವಾಮಿ ಆಗಿದ್ದಾನೆ, ಮೊಮ್ಮಗ ಸಿದ್ಧಾರ್ಥ, ಮೊಮ್ಮಗಳು ಸುಜಾತ. ಈ ನಡಿಗೆಗೆ ಎಷ್ಟು ಬೆಲೆ ತೆತ್ತಿದ್ದಾರೆ ಎಂದು ಗೊತ್ತಿರುವವರು ಯಾರೂ ‘ಈಗಿನ ಮಕ್ಕಳಿಗೆ ನಮ್ಮ ದೇವರ ಹೆಸರಿಲ್ಲವಲ್ಲ’ ಎಂದು ಕೊರಗುವುದಿಲ್ಲ. ವಿಹಾನ್, ಆದ್ಯ, ಅದ್ವಿಕ್ ಎಂಬ ಹೆಸರುಗಳಲ್ಲಿ ಒಂದು ಗುಣವನ್ನಂತೂ ಒಪ್ಪಬೇಕು: ಅವು ಯಾವ ಬೀದಿಯಿಂದ ಬಂದವೆಂದು ಹೇಳುವುದಿಲ್ಲ.

ಆದರೆ ನೋಡಿ, ಹೆಸರಿನಿಂದ ಹೊರಗೆ ಹೋದ ಜಾತಿ ಕೊನೆಯ ಖಾನೆಯ ದಾರಿಯಿಂದ ಮತ್ತೆ ಒಳಗೆ ಬರುತ್ತಿದೆ. ಸರ್‌ನೇಮ್ ಬೇಕು ಎಂದ ತಕ್ಷಣ ನಿಮಗೆ ಹೊಳೆಯುವುದು ಎರಡೇ. ಒಂದು, ಜಾತಿಯ ಬಾಲ. ಇನ್ನೊಂದು, ಅಪ್ಪನ ಹೆಸರು.

ಬಾಲದ ವಿಷಯ ಬೇಗ ಮುಗಿಸುತ್ತೇನೆ. ಅಜ್ಜನ ಹೆಸರಿನಲ್ಲೂ ಗೌಡ ಇತ್ತು ನಿಜ. ಆದರೆ ‘ಸಿದ್ದೇಗೌಡ’ದಲ್ಲಿ ಅದು ಹೆಸರಿನೊಳಗೆ ಕರಗಿತ್ತು, ಯಾರೂ ಅವನನ್ನು ‘ಗೌಡ, ಸಿದ್ದೇ’ ಎಂದು ಕರೆಯಲಿಲ್ಲ. ‘ರಿಷಬ್ ಗೌಡ’, ‘ತನ್ವಿ ನಾಯಕ’ ಎಂದು ಬಿಡಿಸಿ ಬರೆದಾಗ ಅದು ಬೋರ್ಡು. ಹಾಜರಿ ಕೂಗುವ ಮೇಷ್ಟ್ರಿಗೆ, ಪಕ್ಕದ ಬೆಂಚಿನ ಮಗುವಿಗೆ, ಆರು ವರ್ಷದಿಂದಲೇ ಓದಿಸುವ ಬೋರ್ಡು. ಅಪ್ಪ-ಅಮ್ಮ ಬೇರೆ ಬೇರೆ ಜಾತಿಯವರಾದರೆ ಇನ್ನೂ ಚೆಂದ, ಯಾವ ಬೋರ್ಡು ನೇತು ಹಾಕುವುದೆಂಬ ಜಗಳ. ನಮ್ಮ ಹಾಗೆಯೇ ಸರ್‌ನೇಮ್ ಇಲ್ಲದಿದ್ದ ಟರ್ಕಿಯವರು 1934ರಲ್ಲಿ ಕಾನೂನು ಮಾಡಿ ಪ್ರತಿ ಮನೆಯೂ ಒಂದು ಹೆಸರು ಆರಿಸಿಕೊಳ್ಳಬೇಕು ಎಂದರು; ಮುಸ್ತಫಾ ಕೆಮಾಲ್ ‘ಅತಾತುರ್ಕ್’ ಆದದ್ದು ಆಗಲೇ. ಆ ಕಾನೂನು ಬುಡಕಟ್ಟಿನ ಹೆಸರು, ಪದವಿಯ ಹೆಸರು, ನಗೆಪಾಟಲಾಗುವ ಹೆಸರು ಬೇಡ ಎಂದೂ ಹೇಳಿತ್ತು. ಅಲ್ಲಿ ಸರ್ಕಾರ ತನ್ನದೇ ಲೆಕ್ಕಾಚಾರದಿಂದ ಮಾಡಿದ್ದಿರಬಹುದು. ನಮಗೆ ಹೇಳುವವರು ಯಾರೂ ಇಲ್ಲ, ನಾವೇ ಹೇಳಿಕೊಳ್ಳಬೇಕು.

ಅಪ್ಪನ ಹೆಸರಿನ ದಾರಿ ಇದಕ್ಕಿಂತ ಮರ್ಯಾದೆಯದು, ಬಹಳ ಜನ ಹಿಡಿದಿರುವುದೂ ಅದನ್ನೇ. ನಮ್ಮ ಸುತ್ತಲಿನ ಚುನಾವಣೆಯ ಬ್ಯಾನರ್‌ಗಳನ್ನೇ ನೋಡಿ. ಸಿದ್ದರಾಮಯ್ಯನವರ ಮಗ ಯತೀಂದ್ರ ಸಿದ್ದರಾಮಯ್ಯ. ಧ್ರುವನಾರಾಯಣ ಅವರ ಮಗ, 2023ರಲ್ಲಿ ನಂಜನಗೂಡಿನಿಂದ ಗೆದ್ದವರು, ದರ್ಶನ್ ಧ್ರುವನಾರಾಯಣ. ಒಂದೇ ಮನೆಯಲ್ಲಿ ಮೂರು ತಲೆಮಾರು ನೋಡಬೇಕೆಂದರೆ ಹಾಸನದ ಕಡೆಗೆ ಹೋಗಿ: ತಾತ ಎಚ್.ಡಿ. ದೇವೇಗೌಡ, ಮಗ ಎಚ್.ಡಿ. ಕುಮಾರಸ್ವಾಮಿ, ಮೊಮ್ಮಗ ನಿಖಿಲ್ ಕುಮಾರಸ್ವಾಮಿ. ತಾತನ ‘ಡಿ’ ದೊಡ್ಡೇಗೌಡ, ಮಗನ ‘ಡಿ’ ದೇವೇಗೌಡ, ಮೊಮ್ಮಗನಿಗೆ ಬರುವ ಹೊತ್ತಿಗೆ ಅಕ್ಷರ ಹೋಗಿ ಅಪ್ಪನ ಹೆಸರು ಇಡಿಯಾಗಿ ಹಿಂದಕ್ಕೆ ಬಂದಿದೆ. ತಿ. ನರಸೀಪುರದ ಶಾಸಕ ಎಚ್.ಸಿ. ಮಹದೇವಪ್ಪನವರ ಮಗ, 2024ರಲ್ಲಿ ಚಾಮರಾಜನಗರದ ಸಂಸದರಾದವರು, ಸುನಿಲ್ ಬೋಸ್. ಅಲ್ಲಿ ಕೊನೆಯ ಖಾನೆಗೆ ಅಪ್ಪನೂ ಬಂದಿಲ್ಲ, ಊರೂ ಬಂದಿಲ್ಲ.

ಅಪ್ಪನ ಹೆಸರಿನಲ್ಲಿ ಒಂದೇ ತೊಡಕು, ಅದು ಒಂದು ತಲೆಮಾರಿಗೆ ಮಾತ್ರ ಬರುತ್ತದೆ. ನಿಮ್ಮ ಮಗ ವಿಹಾನ್ ಮಹದೇವಸ್ವಾಮಿ ಎಂದಾದ. ಅವನ ಮಗಳು ಏನಾಗಬೇಕು? ಅವಳ ಕೊನೆಯ ಹೆಸರು ವಿಹಾನ್ ಆದರೆ ಅಜ್ಜ ಮೊಮ್ಮಗಳ ಕಾಗದಗಳಿಗೆ ಸಂಬಂಧವಿಲ್ಲ. ಐಸ್‌ಲ್ಯಾಂಡಿನವರು ಹೀಗೆಯೇ ಬದುಕುತ್ತಾರೆ, ಅಪ್ಪನ ಹೆಸರಿಗೆ ‘ಮಗ’ ‘ಮಗಳು’ ಸೇರಿಸಿಕೊಂಡು. ಆದರೆ ಅಲ್ಲಿಯ ಫಾರಮ್ಮುಗಳೂ ಅದಕ್ಕೆ ತಕ್ಕಂತೆ ಇವೆ, ಅವರ ಟೆಲಿಫೋನ್ ಡೈರೆಕ್ಟರಿಯೇ ಮೊದಲ ಹೆಸರಿನ ಅಕಾರಾದಿ. ಒಂದೇ ಮನೆಯ ಮಕ್ಕಳೂ ಬೇರೆಯಾಗಬಹುದು. ಮೂಗೂರು ಸುಂದರ್ ಮಾಸ್ತರರ ಮಕ್ಕಳನ್ನು ಲೆಕ್ಕ ಹಾಕಿ: ರಾಜು ಸುಂದರಂ, ಪ್ರಭುದೇವ, ನಾಗೇಂದ್ರ ಪ್ರಸಾದ್. ಮೂವರೂ ಕುಣಿತಕ್ಕೇ ಹೆಸರಾದವರು, ಮೂವರ ಕೊನೆಯ ಹೆಸರೂ ಬೇರೆ. ಅವರ ಹೆಸರನ್ನು ಯಾವ ಗುಮಾಸ್ತನೂ ತಾಳೆ ನೋಡಬೇಕಾಗಿಲ್ಲ. ನಿಮ್ಮ ಮಕ್ಕಳದ್ದನ್ನು ನೋಡುತ್ತಾನೆ.

ನೋಡುತ್ತಾನೆ ಎಂದರೆ ಹೇಗೆ? ತಾತನ ಹೆಸರಿನಲ್ಲಿರುವ ಎರಡು ಎಕರೆಗೆ ಪೌತಿ ಖಾತೆ ಮಾಡಿಸಲು ಹೋಗಿ ಬಂದವರನ್ನು ಕೇಳಿ. ಪಹಣಿಯಲ್ಲಿ ‘ಮಾದ’, ರೇಷನ್ ಕಾರ್ಡಿನಲ್ಲಿ ‘ಮಾದಯ್ಯ’, ಸಾವಿನ ಸರ್ಟಿಫಿಕೇಟಿನಲ್ಲಿ ‘ಮಾದೇಗೌಡ’. ಮೂವರೂ ಒಬ್ಬನೇ ಎಂದು ಅಫಿಡವಿಟ್, ವಂಶವೃಕ್ಷ, ಊರವರ ಸಹಿ. ಈಗ ಪಹಣಿಗೆ ಆಧಾರ್ ಜೋಡಿಸುವಾಗಲೂ ಅದೇ ಪಾಡು. ಮಕ್ಕಳ ಅಪಾರ್ ಸಂಖ್ಯೆ ಮಾಡಿಸುವಾಗ ಶಾಲೆಯ ಹೆಸರಿಗೂ ಆಧಾರ್ ಹೆಸರಿಗೂ ಒಂದು ಚುಕ್ಕಿ ವ್ಯತ್ಯಾಸವಿದ್ದರೂ ತಿದ್ದಿಸಿಕೊಂಡು ಬನ್ನಿ ಎಂದು ವಾಪಸು ಕಳಿಸುತ್ತಾರೆ. ಆಧಾರಿನಲ್ಲಿ ಹೆಸರು ತಿದ್ದಿಸಲು ಇಡೀ ಜೀವಮಾನದಲ್ಲಿ ಎರಡೇ ಅವಕಾಶ. ಅಪ್ಪ ಹಾಜರಿಯಲ್ಲಿ ‘ಎನ್. ಪ್ರಕಾಶ’ ಆಗಿದ್ದವನು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಪ್ರಕಾಶ ಎನ್.’, ಬ್ಯಾಂಕಿನಲ್ಲಿ ‘ಪ್ರಕಾಶ್ ನಂಜಪ್ಪ’. ಆ ಚುಕ್ಕಿ ಅಕ್ಷರ ಹಿಂದೆ ಮುಂದೆ ಜೀಕುವುದರಲ್ಲೇ ಅವನ ಅರ್ಧ ಆಯಸ್ಸು ಮುಗಿದಿದೆ.

ಹೊರದೇಶದ ಕಥೆ ಬೇರೆ. ನಮ್ಮ ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಖಾಲಿ ಬಿಡಬಹುದು. ಆದರೆ ಹಾಗೆ ಬಿಟ್ಟ ಮಹದೇವಸ್ವಾಮಿ ಅಮೆರಿಕಕ್ಕೆ ಹೊರಟರೆ, ವೀಸಾದಲ್ಲಿ ಅವನ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬಂದು ಕೂರುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರರ್ಥ. ಅಲ್ಲಿಯವರು ಅದನ್ನೇ ಹೆಸರೆಂದುಕೊಂಡು ‘ಮಿಸ್ಟರ್ ಫ್ನು’ ಎಂದು ಕರೆದರೂ ಕರೆದಾರು. ದುಬೈ ಕಡೆಯವರು 2022ರ ನವೆಂಬರಿನಿಂದ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವಿಸಿಟ್ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಎಂದರು; ಆಮೇಲೆ ಪಾಸ್‌ಪೋರ್ಟಿನ ಹಿಂದಿನ ಪುಟದಲ್ಲಿ ಅಪ್ಪನ ಹೆಸರಿದ್ದರೆ ನಡೆಯುತ್ತದೆ ಎಂದರು. ತಾಂಡವಪುರದ ಫ್ಯಾಕ್ಟರಿಯಲ್ಲಿ ಕೆಲಸ ಕಲಿತು ಗಲ್ಫಿಗೆ ಹೊರಡುವ ಹುಡುಗನಿಗೆ ಇದು ಸಣ್ಣ ಮಾತಲ್ಲ.

ಸರಿ ಮೇಷ್ಟ್ರೇ, ಜಾತಿ ಬೇಡ ಅಂತೀರಿ, ಅಪ್ಪನ ಹೆಸರು ನಿಲ್ಲಲ್ಲ ಅಂತೀರಿ, ಖಾ‌ಲಿ ಬಿಡಬೇಡಿ ಅಂತೀರಿ. ಮತ್ತೇನು ಬರೆಯೋದು?

ಊರು ಬರೆಯಿರಿ. ಅದೇ ನನ್ನ ಶಿಫಾರಸು.

ಇದು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಏಳು ತಂತಿಯ ಪಿಟೀಲಿನ ಚೌಡಯ್ಯನವರು ಕಛೇರಿಗಳಲ್ಲಿ ಮೈಸೂರು ಟಿ. ಚೌಡಯ್ಯ, ಆ ‘ಟಿ’ ನಮ್ಮ ತಿರುಮಕೂಡಲು. ನಮ್ಮ ಕಾಲದ ಶಾಲೆಗಳಲ್ಲಿ ಬೆಳಿಗ್ಗೆ ಹಾಡುತ್ತಿದ್ದ ಪ್ರಾರ್ಥನೆ ಬರೆದವರು ಸೋಸಲೆ ಅಯ್ಯಾಶಾಸ್ತ್ರಿಗಳು. ಖಾದಿ ಕೆಲಸಕ್ಕೆ ಹೆಸರಾದವರು ತಗಡೂರು ರಾಮಚಂದ್ರರಾಯರು. ‘ಕುಸುಮಬಾಲೆ’ ಬರೆದವರು ದೇವನೂರ ಮಹಾದೇವ. ಊರು ಇವರಿಗೆ ವಿಳಾಸವಾಗಿರಲಿಲ್ಲ, ಹೆಸರೇ ಆಗಿತ್ತು. ಒಂದು ವ್ಯತ್ಯಾಸವಿದೆ, ಅವರು ಊರನ್ನು ಮುಂದೆ ಇಟ್ಟರು, ಫಾರಮ್ಮು ಅದನ್ನು ಹಿಂದಕ್ಕೆ ಕೇಳುತ್ತದೆ. ಕೇಳಲಿ ಬಿಡಿ, ಹಿಂದೆ ಕೂತರೆ ಊರೇನೂ ಸಣ್ಣದಾಗುವುದಿಲ್ಲ.

ನನಗೆ ಎಲ್ಲರಿಗಿಂತ ದೊಡ್ಡ ಉದಾಹರಣೆ ಕಾಣುವುದು ನಂಜನಗೂಡು ತಿರುಮಲಾಂಬ. 1887ರಲ್ಲಿ ಹುಟ್ಟಿ, ಬಾಲ್ಯದಲ್ಲೇ ವಿಧವೆಯಾಗಿ, ಆ ಕಾಲದ ವಿಧವೆಗೆ ಮನೆಯ ಹಿತ್ತಲೇ ಪ್ರಪಂಚವಾಗಿದ್ದಾಗ ‘ಸತೀಹಿತೈಷಿಣಿ’ ಗ್ರಂಥಮಾಲೆ ಹೊರಡಿಸಿ, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದ ಹೆಣ್ಣುಮಗಳು. ಅವರ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಅಪ್ಪನಿಲ್ಲ, ಗಂಡನಿಲ್ಲ, ಜಾತಿಯಿಲ್ಲ, ಊರಿದೆ, ತಾನಿದ್ದಾಳೆ. ಸರ್ಕಾರಿ ಕಾಗದದಲ್ಲಿ ಅವರಿಗೆ ಒಂದು ‘ಕೋಂ’ ಇದ್ದಿರಬಹುದು, ಪುಸ್ತಕದ ಮುಖಪುಟಕ್ಕೆ ಅದು ಬರಲಿಲ್ಲ. ಮಗಳಿಗೆ ಹೆಸರು ಹುಡುಕುತ್ತಿರುವವರು ಇದನ್ನು ಯೋಚನೆ ಮಾಡಿ. ಮದುವೆಯಾದ ಕೂಡಲೇ ಆಧಾರಿನಲ್ಲಿ ಹೆಸರು ಬದಲಿಸಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಬೀಗರು ಹೇಳುತ್ತಾರೆ, ಅಷ್ಟೆ. ಅಪ್ಪನ ಹೆಸರು ಹಿಂದಿದ್ದರೆ ‘ಇನ್ನು ಗಂಡನ ಹೆಸರು ಹಾಕಿಸಮ್ಮ’ ಎನ್ನುವುದು ಸುಲಭ. ಊರಿನ ಹೆಸರಿದ್ದರೆ ಅದನ್ನು ಕಿತ್ತು ಗಂಡನ ಹೆಸರು ಹಾಕು ಎನ್ನಲು ನಾಲಿಗೆ ಸ್ವಲ್ಪ ತಡೆಯುತ್ತದೆ.

ಇನ್ನೊಂದು ಕಾರಣ, ನಿಮ್ಮ ಮಕ್ಕಳು ಊರಲ್ಲಿ ಹುಟ್ಟುತ್ತಿಲ್ಲ. ನಮ್ಮ ಕಡೆಯ ಎಷ್ಟು ಮಕ್ಕಳ ಜನನ ಪ್ರಮಾಣಪತ್ರ ತೆಗೆದರೂ ಹುಟ್ಟಿದ ಸ್ಥಳ ಚೆಲುವಾಂಬ ಆಸ್ಪತ್ರೆ, ಮೈಸೂರು. ಇಲ್ಲವೇ ಯಾವುದೋ ನರ್ಸಿಂಗ್ ಹೋಂ. ಹಳ್ಳಿಯ ಹೆಸರು ಅಪ್ಪ-ಅಮ್ಮನ ವಿಳಾಸದ ಸಾಲಿನಲ್ಲಿ ಇರುತ್ತದೆ, ನೀವು ಬೆಂಗಳೂರಿಗೆ ಮನೆ ಬದಲಿಸಿದ ದಿನ ಅದೂ ಹೋಗುತ್ತದೆ.

ಈ ಮಾತನ್ನು ನನ್ನ ಜೊತೆ ಕೆಲಸ ಮಾಡಿದ ಒಬ್ಬ ಮೇಷ್ಟ್ರ ಮುಂದೆ ಆಡಿದೆ. ಅವರು ಕೇರಿಯಿಂದ ಬಂದವರು. “ಊರ ಹೆಸ್ರ ಇಟ್ಕೊ ಅಂತೀರಿ. ಊರು ನನ್ನ ಒಳಗ ಇಟ್ಕಂಡಿತ್ತಾ ಮೇಷ್ಟ್ರೇ?” ಎಂದರು. ದೇವನೂರರ ಹೆಸರು ಹೇಳಿದೆ. “ಅವ್ರು ದೇವ್ನೂರ್‌ನೇ ತಮ್ಮದು ಮಾಡ್ಕಂಡ್ರು ಬುಡಿ. ನಂಗ ನಮ್ಮೂರ್ ಬ್ಯಾಡ” ಎಂದರು. ಅವರ ಮೊಮ್ಮಗಳ ಕೊನೆಯ ಹೆಸರು ಅವರ ತಾಯಿಯದು. ಆ ತಾಯಿ ಕೂಲಿ ಮಾಡಿ ಇವರನ್ನು ಟಿಸಿಎಚ್ ಓದಿಸಿದವರು. ಬೇಂದ್ರೆಯವರು ಕವಿತೆಗೆ ಇಟ್ಟುಕೊಂಡದ್ದೂ ಅಂಬಿಕಾತನಯದತ್ತ ಎಂದು, ಅಂಬಿಕೆಯ ಮಗ. ತಾಯಿಯದೋ ತಾತನದೋ ಹೆಸರು ಇಡುತ್ತೇವೆ ಎಂದರೆ ನನ್ನದೇನೂ ಅಡ್ಡಿಯಿಲ್ಲ, ಆದರೆ ಅದು ಹಾಗೇ ನಿಲ್ಲಲಿ, ಮುಂದಿನವರೂ ಅದನ್ನೇ ಇಟ್ಟುಕೊಳ್ಳಲಿ. ಹಾಗೆ ನಿಂತದ್ದೇ ತಾನೇ ಎಲ್ಲ ಕಡೆ ಮನೆತನದ ಹೆಸರಾಗಿರುವುದು. ಸುತ್ತೂರು ಮಠದಲ್ಲಿ ನೋಡಿ, ಮೂಲ ಗುರು ಶಿವರಾತ್ರೀಶ್ವರರು. ಸಾವಿರ ವರ್ಷದ ಪರಂಪರೆ ಎನ್ನುತ್ತಾರೆ, ಪೀಠಕ್ಕೆ ಬಂದ ಸ್ವಾಮಿಗಳು ಇವತ್ತಿಗೂ ಶಿವರಾತ್ರಿ ರಾಜೇಂದ್ರ, ಶಿವರಾತ್ರಿ ದೇಶಿಕೇಂದ್ರ.

ಇಷ್ಟಾದ ಮೇಲೆ ನೀವು ಮೊದಲು ಕೇಳಿದ ಪ್ರಶ್ನೆಗೆ ಬರಬಹುದು, ಹೊಂದಿಕೆಯ ಪ್ರಶ್ನೆಗೆ.

ಹೊಂದಿಕೆಯನ್ನು ಕಾಗದದ ಮೇಲೆ ನೋಡಬೇಡಿ, ಕೂಗಿ ನೋಡಿ. ಆದ್ಯ ಸೋಸಲೆ. ವಿಹಾನ್ ಕಳಲೆ. ಇಂಚರ ಮೂಗೂರು. ಕಿವಿಗೆ ಹಿತವಾಗಿವೆ. ಲಿಖಿತ್ ತಗಡೂರು ಎಂದರೆ ಎರಡು ತಕಾರ ಒಂದರ ಮೇಲೊಂದು ಬಿದ್ದು ಒಂದು ಸತ್ತೇ ಹೋಗುತ್ತದೆ, ‘ಲಿಖಿ ತಗಡೂರು’ ಎಂದು ಕೇಳುತ್ತದೆ. ಕಿರಣ್ ತಗಡೂರು ಎನ್ನಿ, ಸರಿಹೋಯಿತು. ಊರಿನ ಹೆಸರು ಉದ್ದವಾದರೆ ಮಗುವಿನದು ಮೋಟಾಗಿರಲಿ. ಹುಂಡಿ ಎಂದು ಮುಗಿಯುವ ಊರಿನವರಿಗೆ ಇದು ಮುಖ್ಯ. ಋತ್ವಿಕ್ ಸಿದ್ದರಾಮನಹುಂಡಿ ಎಂದು ಒಂದೇ ಉಸಿರಿನಲ್ಲಿ ಹೇಳುವವನು ರಂಗಭೂಮಿಗೆ ಹೋಗಬೇಕು. ಜಯ ಹೆಮ್ಮರಗಾಲ, ಇಳಾ ಬದನವಾಳು ಎಂದರೆ ಚೆನ್ನ. ಅಪ್ಪನ ಊರೇ ಆಗಬೇಕೆಂದೂ ಇಲ್ಲ. ಅಪ್ಪ ದೇವರಸನಹಳ್ಳಿಯವನು, ಅಮ್ಮ ಕುಪ್ಯದವಳು ಎಂದರೆ ನಾನು ಕಣ್ಣುಮುಚ್ಚಿ ಕುಪ್ಯ ಎನ್ನುತ್ತೇನೆ. ಎರಡು ಅಕ್ಷರ, ಯಾವ ಫಾರಮ್ಮಿನ ಖಾನೆಯಲ್ಲೂ ಹಿಡಿಯುತ್ತದೆ.

ಆಮೇಲೆ ಅಜ್ಜಿಯ ಬಾಯಿ. ನಮ್ಮ ಕಡೆಯ ನಾಲಿಗೆಗೆ ‘ಹ’ ಆಗುವುದಿಲ್ಲ, ‘ಶ’ಕಾರವೆಲ್ಲ ‘ಸ’. ಹರ್ಷ ಹೋಗಿ ಅರ್ಸ ಆಗುತ್ತಾನೆ, ಶ್ರೇಷ್ಠ ಸ್ರೇಸ್ಟ. ಅದರಲ್ಲಿ ತಪ್ಪೇನೂ ಇಲ್ಲ, ಮಗುವನ್ನು ಹೆಚ್ಚು ಸಲ ಕರೆಯುವವಳು ಅವಳೇ. ಅವಳು ಜಗುಲಿಯಿಂದ ಕೂಗಿದಾಗ ಹೇಗೆ ಕೇಳುತ್ತದೆ ಎಂಬುದನ್ನು ನಾಮಕರಣಕ್ಕೆ ಮೊದಲೇ ಕೇಳಿಸಿಕೊಳ್ಳಿ, ಬೆಂಗಳೂರಿಗೆ ಹೋದ ಮೇಲೆ ‘ಅಮ್ಮ, ಸರಿಯಾಗಿ ಕರಿ’ ಎಂದು ಅವಳನ್ನು ತಿದ್ದಬೇಡಿ. ನಕ್ಷತ್ರ ನೋಡಿ ಹೆಸರಿಡುವವರಿಗೂ ಒಂದು ಮಾತು. ಹಸ್ತದ ಮೂರನೇ ಪಾದಕ್ಕೆ ‘ಣ’, ಆರಿದ್ರೆಯ ಮೂರನೇ ಪಾದಕ್ಕೆ ‘ಙ’. ಙ ಎಂದು ಶುರುವಾಗುವ ಹೆಸರನ್ನು ಮೊದಲು ಜೋಯಿಸರೇ ತಮ್ಮ ಮೊಮ್ಮಗನಿಗೆ ಇಟ್ಟು ತೋರಿಸಲಿ.

ತಾತನ ಹೆಸರು ಇಡಲೇಬೇಕು ಎಂದು ಮನೆಯಲ್ಲಿ ಹಟ ಹಿಡಿದಿದ್ದರೆ ಅರಮನೆಯ ದಾರಿ ಇದೆ. 2017ರಲ್ಲಿ ಹುಟ್ಟಿದ ಮಗುವಿಗೆ ಅವರು ಆದ್ಯವೀರ್ ನರಸಿಂಹರಾಜ ಒಡೆಯರ್ ಎಂದಿಟ್ಟರು. ಮುಂದೆ ಈ ಕಾಲದ್ದು, ನಡುವೆ ಹಿರಿಯರದ್ದು, ಹಿಂದೆ ಮನೆಯದ್ದು. ನೀವೂ ವಿಹಾನ್ ನಂಜುಂಡ ಕಳಲೆ ಎನ್ನಬಹುದು. ಸೊಸೆ ಮಾವನ ಹೆಸರು ಹಿಡಿದು ಕೂಗಬಾರದು ಎಂದು ಮಗುವನ್ನು ‘ಅಪ್ಪಾಜಿ’, ‘ಪುಟ್ಟಸ್ವಾಮಿ’ ಎಂದು ಕರೆಯುತ್ತಿದ್ದ ಕಷ್ಟವೂ ತಪ್ಪುತ್ತದೆ.

ಇನ್ನು ಕಾಗದದ ಕೆಲಸ. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು, ಆಸ್ಪತ್ರೆಯಲ್ಲಿ ಹುಟ್ಟಿದರೆ ಅವರೇ ತಿಳಿಸುತ್ತಾರೆ. ಆದರೆ ಆ ಗಡಿಬಿಡಿಯಲ್ಲೇ ಹೆಸರು ಕೊಡಬೇಕಾಗಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಹೆಸರಿಲ್ಲದೆಯೂ ನೋಂದಾಯಿಸಬಹುದು. 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಒಂದು ಸಲ ಸೇರಿಸಿದ ಮೇಲೆ ಮನಸ್ಸು ಬದಲಾಯಿತೆಂದು ಬದಲಿಸುವುದು ಸುಲಭವಲ್ಲ, ಕಾಯ್ದೆಯಲ್ಲಿರುವುದು ಬರೆಯುವಾಗ ಆದ ತಪ್ಪು ತಿದ್ದುವ ದಾರಿ ಮಾತ್ರ. 2023ರ ಅಕ್ಟೋಬರ್ 1ರಂದು ಅಥವಾ ಅದರ ನಂತರ ಹುಟ್ಟಿದವರಿಗೆ ಶಾಲೆಗೆ ಸೇರುವುದರಿಂದ ಹಿಡಿದು ಪಾಸ್‌ಪೋರ್ಟಿನ ತನಕ ಹುಟ್ಟಿದ ದಿನಕ್ಕೂ ಸ್ಥಳಕ್ಕೂ ಈ ಒಂದು ಪ್ರಮಾಣಪತ್ರವೇ ಸಾಕ್ಷಿ. ಹಿಂದೆ ಒಂದನೇ ಕ್ಲಾಸಿಗೆ ಸೇರಿಸುವ ದಿನ ಮೇಷ್ಟ್ರು ಬರೆದದ್ದೇ ಹೆಸರು, ಮೇಷ್ಟ್ರು ಹಾಕಿದ್ದೇ ಹುಟ್ಟಿದ ತಾರೀಖು. ಜೂನ್ 1ರಂದು ನಮ್ಮ ತಾಲ್ಲೂಕುಗಳಲ್ಲಿ ಅಷ್ಟೊಂದು ಜನ ಹುಟ್ಟಿದ್ದು ಹಾಗೆ. ಆ ಅಧಿಕಾರ ಈಗ ನಮ್ಮ ಕೈಯಲ್ಲಿಲ್ಲ, ಒಳ್ಳೆಯದೇ ಆಯಿತು.

ಹಾಗಾಗಿ ಹನ್ನೆರಡು ತಿಂಗಳು ಇದೆಯಲ್ಲ, ನಿಧಾನವಾಗಿ ಕೂತು ಮಾತಾಡಿ. ಚುಕ್ಕಿ ಅಕ್ಷರ ಒಂದೂ ಬೇಡ, ಎಲ್ಲ ಬಿಡಿಸಿ ಬರೆಯಿರಿ. ಊರಿನ ಇಂಗ್ಲಿಷ್ ಕಾಗುಣಿತವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಮೂಗೂರಿಗೆ ‘ಯು’ ಒಂದೇ ಸಾಕೋ, ಎರಡು ‘ಒ’ ಬೇಕೋ. ದೇವನೂರಿನ ಕೊನೆಗೆ ಇನ್ನೊಂದು ‘ಯು’ ಇರಬೇಕೋ ಬೇಡವೋ. ಬಸ್ಸಿನ ಬೋರ್ಡು ಒಂದು ಹೇಳುತ್ತದೆ, ರೈಲ್ವೆಯವರು ಇನ್ನೊಂದು. ನಿಮಗೆ ಸರಿ ಕಂಡದ್ದನ್ನು ಆರಿಸಿ, ಜನನ ಪ್ರಮಾಣಪತ್ರಕ್ಕೆ ಕೊಟ್ಟದ್ದನ್ನೇ ಆಧಾರಿಗೂ ಕೊಡಿ, ಶಾಲೆಗೂ ಕೊಡಿ. ಸೈಬರ್ ಹುಡುಗ ‘ಇರ‍್ಲಿ ಬುಡಣ್ಣ, ಆಮೇಲ್ ಸರಿ ಮಾಡ್ಕೋಬೋದು’ ಎಂದರೆ ಒಪ್ಪಬೇಡಿ, ಪಕ್ಕದಲ್ಲೇ ನಿಂತು ಒಂದೊಂದೇ ಅಕ್ಷರ ಓದಿಸಿ. ಎರಡನೇ ಮಗುವಾದಾಗಲೂ ಅದೇ ಕಾಗುಣಿತ ಇರಲಿ.

ಇಂತಿ,
ನಿಮಗೆ ಹಾಜರಿ ಕೂಗಿದ ಮೇಷ್ಟ್ರು